ಬೂದಿಯ ಲೆಕ್ಕವೂ ಬೆಳೆಯ ಲೆಕ್ಕವೂ

ವಿಜಯಪುರ ಜಿಲ್ಲೆಯ ಕೂಡಗಿಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿರುವುವು. ಇನ್ನೆರಡನ್ನು ಕೂಡಿಸಿ ಒಟ್ಟು ಶಕ್ತಿಯನ್ನು 4000 ಮೆಗಾವ್ಯಾಟಿಗೆ ಏರಿಸಬೇಕೆಂಬುದು ಯೋಜನೆ. ಪಂಪುಸೆಟ್ಟಿಗೆ ವಿದ್ಯುತ್ತು ಬೇಕೆಂಬುದನ್ನು ಯಾವ ರೈತನೂ ಅಲ್ಲಗಳೆಯನು. ಆದರೆ ಭಾರತದ ಕಲ್ಲಿದ್ದಲನ್ನು ನೂರು ಮಣ ಸುಟ್ಟರೆ ಮೂವತ್ತು ನಲವತ್ತು ಮಣ ಬೂದಿ ಉಳಿಯುವುದು. ಅದು ಹಾರಿ ಎಲೆಗಳ ಮೇಲೆ ಕುಳಿತರೆ ಪೈರಿಗೆ ಬೆಳಕು ತಗ್ಗುವುದು. ಬೂದಿಕೊಳದಿಂದ ಜಿನುಗಿದರೆ ಬಾವಿಯ ನೀರು ಕೆಡುವುದು.

ಹಾಗೆಂದು ಬೂದಿಯು ವ್ಯರ್ಥವಸ್ತುವಲ್ಲ. ಗುಂಡಗುರ್ತಿಯ ಆಸುಪಾಸಿನ ವಾಡಿ, ಸೇಡಂ ಪ್ರಾಂತಗಳಲ್ಲಿರುವಂತಹ ಸಿಮೆಂಟು ಕಾರ್ಖಾನೆಗಳಿಗೆ ಅದು ಉಪಯುಕ್ತ ಸಾಮಗ್ರಿ. ಬೂದಿಯನ್ನು ಪೂರ್ಣವಾಗಿ ವಿನಿಯೋಗಿಸಬೇಕೆಂದು ಕೇಂದ್ರಸರ್ಕಾರದ 2021ರ ಡಿಸೆಂಬರಿನ ಅಧಿಸೂಚನೆಯೂ ವಿಧಿಸಿರುವುದು.

2014ರ ಜುಲೈಯಲ್ಲಿ ಕೂಡಗಿಯ ರೈತರ ಪ್ರತಿಭಟನೆಯು ಗೋಲಿಬಾರಿನವರೆಗೆ ಹೋಯಿತು. ಅಂತಹ ಕಲಹಕ್ಕೆ ಪುನಃ ಎಡೆಯಾಗದಂತೆ, ವಿಸ್ತರಣೆಗೆ ಮುನ್ನವೇ ಗ್ರಾಮದ ಮುಖಂಡರೂ ಭೂಮಾಲೀಕರೂ ಮೂರು ಪ್ರಶ್ನೆಗಳಿಗೆ ಬರೆವಣಿಗೆಯಲ್ಲಿ ಉತ್ತರ ಪಡೆಯತಕ್ಕದ್ದು. ಹಳೆಯ ಘಟಕಗಳ ಬೂದಿ ಎಲ್ಲಿಗೆ ಹೋಯಿತು? ಬೇಸಗೆಯಲ್ಲಿ ಆಲಮಟ್ಟಿಯ ನೀರು ತಗ್ಗಿದಾಗ ಮೊದಲ ಪಾಲು ಸ್ಥಾವರಕ್ಕೋ ಹೊಲಕ್ಕೋ? ಬೆಳೆಯ ನಷ್ಟವನ್ನು ಅಳೆಯುವವರು ಯಾರು, ತೆರುವವರು ಯಾರು? ಜಮೀನನ್ನು ಬರೆದುಕೊಟ್ಟ ಮೇಲೆ ಕೇಳುವ ಪ್ರಶ್ನೆಗೆ ಬೆಲೆಯಿಲ್ಲ.