ಇಂಗ್ಲಿಷ್ ಕಿರಿಕಿರಿ, ಭಾಗ 4: ‘ರೀಸನ್ ಈಸ್ ಬಿಕಾಸ್’ ಬಿಡ್ರಪ್ಪಾ

ಅಸೈನ್‌ಮೆಂಟ್, ಲೀವ್ ಲೆಟರ್, ಇಂಟರ್ನ್‌ಶಿಪ್ ಮೇಲ್, ಯಾವುದನ್ನ ತೆಗೆದ್ರೂ ಈ ಸಾಲು ಇದ್ದೇ ಇರುತ್ತೆ: ‘ದ ರೀಸನ್ ಈಸ್ ಬಿಕಾಸ್…’ ಮಾತಲ್ಲಿ ಹೇಳ್ಕೊಳ್ಳಿ, ತಕರಾರಿಲ್ಲ. ಇಂಗ್ಲಿಷ್ ಮನೆಮಾತಿನವರೂ ಮಾತಾಡುವಾಗ ಹಾಗೇ ಅಂತಾರೆ. ಹಾಗಾಗಿ ಇದನ್ನ ಕೇಳಿ ‘ಕನ್ನಡ ಮೀಡಿಯಂ’ ಅಂತ ನಗೋರು ಸ್ವಲ್ಪ ಬಾಯಿ ಮುಚ್ಕೊಂಡ್ರೆ ಒಳ್ಳೇದು.

ಆದ್ರೆ ಬರೆಯುವಾಗ ಬೇಡ. ‘ರೀಸನ್’ ಅಂದಾಗಲೇ ಕಾರಣ ಬಂತು. ‘ಬಿಕಾಸ್’ ಅಂದ್ರೆ ಮತ್ತೆ ಅದೇ ಕಾರಣ. ಒಂದೇ ಬಿಲ್ಲಿಗೆ ಎರಡು ಸಲ ಎಂಟ್ರಿ ಹಾಕಿದ ಹಾಗೆ. ‘ದ ರೀಸನ್ ಈಸ್ ದಟ್ ದ ಬಸ್ ಬ್ರೋಕ್ ಡೌನ್’ ಅನ್ನಿ. ಇಲ್ಲಾ, ನೇರವಾಗಿ ‘ಐ ವಾಸ್ ಲೇಟ್ ಬಿಕಾಸ್ ದ ಬಸ್ ಬ್ರೋಕ್ ಡೌನ್’. ನನಗೆ ಎರಡನೇದೇ ಇಷ್ಟ, ಸುತ್ತು ಬಳಸು ಇಲ್ಲ.

ಕನ್ನಡದಲ್ಲಿ ಇದು ನಮ್ಮ ಕಿವಿಗೆ ತಕ್ಷಣ ಗೊತ್ತಾಗುತ್ತೆ. ‘ಲೇಟಾಗೋಕೆ ಕಾರಣ ಏನಂದ್ರೆ, ಬಸ್ ಕೆಟ್ಟಿತ್ತು.’ ಸರಿ. ‘ಕಾರಣ ಏನಂದ್ರೆ, ಬಸ್ ಕೆಟ್ಟಿದ್ದರಿಂದ.’ ಕೆಟ್ಟಿದ್ದರಿಂದ ಏನಾಯ್ತು ಮಾರಾಯ? ಕೇಳೋರು ಕಾಯ್ತಾನೇ ಇರ್ತಾರೆ.

‘ಅರ್ಥ ಆಯ್ತಲ್ಲ, ಸಾಕು ಬಿಡು ಗುರು’ ಅಂತೀರಿ. ನನ್ನ ನಿಜವಾದ ಸಿಟ್ಟು ವ್ಯಾಕರಣದ ಮೇಲಲ್ಲ. ಇಷ್ಟುದ್ದ ಪೀಠಿಕೆ ಹಾಕಿದ ಮೇಲೆ ಕಾರಣ ಕೊಟ್ಟಾಯ್ತು ಅನ್ನೋ ಭ್ರಮೆ ಬರುತ್ತಲ್ಲ, ಅದರ ಮೇಲೆ. ಡಿಪ್ರಿಸಿಯೇಷನ್ ಯಾಕೆ ಹಾಕ್ತೀವಿ? ‘ದ ರೀಸನ್ ಈಸ್ ಬಿಕಾಸ್ ಇಟ್ ಈಸ್ ಎ ನಾನ್-ಕ್ಯಾಶ್ ಎಕ್ಸ್‌ಪೆನ್ಸ್.’ ಇದರಲ್ಲಿ ಕಾರಣ ಎಲ್ಲಿದೆ? ಅದು ಡಿಪ್ರಿಸಿಯೇಷನ್‌ನ ಒಂದು ಗುಣ ಅಷ್ಟೇ. 50,000 ರೂಪಾಯಿಯ ಮಷೀನು 10 ವರ್ಷ ದುಡಿಯುತ್ತೆ ಅಂದ್ಕೊಳ್ಳಿ. ಪೂರ್ತಿ ದುಡ್ಡನ್ನ ಮೊದಲ ವರ್ಷದ ಖರ್ಚಿಗೇ ಹಾಕಿದ್ರೆ ಆ ವರ್ಷ ಲಾಭ ಸುಮ್ಮನೆ ಕುಸಿಯುತ್ತೆ, ಮುಂದಿನ 9 ವರ್ಷ ಸುಮ್ಮನೆ ಉಬ್ಬುತ್ತೆ. ಅದಕ್ಕೇ ವರ್ಷಕ್ಕೆ 5,000 ಅಂತ ಹಂಚೋದು. ಕಾರಣ ಅಂದ್ರೆ ಇದು. ‘ರೀಸನ್ ಈಸ್ ದಟ್’ ಅಂತ ಬರೆದು ನಿಲ್ಲಿಸಿ ನೋಡಿ, ಮುಂದೆ ಪೂರ್ತಿ ವಾಕ್ಯ ಬರೀಲೇಬೇಕು. ತಪ್ಪಿಸಿಕೊಳ್ಳೋದು ಕಷ್ಟ.

ಇದು ಬರೀ ಮಾರ್ಕ್ಸ್ ವಿಷಯವೂ ಅಲ್ಲ. ಕಂಪನಿ ಕಾಯ್ದೆ 2013ರ ಸೆಕ್ಷನ್ 143 ಓದಿ. ಆಡಿಟರ್ ತನ್ನ ವರದಿಯಲ್ಲಿ ‘ಇಲ್ಲ’ ಅಂದ್ರೆ, ಇಲ್ಲಾ ‘ಆದರೆ’ ಅಂತ ರಾಗ ಎಳೆದ್ರೆ, ಕಾರಣ ಬರೀಲೇಬೇಕು. ಸೆಕ್ಷನ್ 135ರ ಪ್ರಕಾರ ಸಿಎಸ್‌ಆರ್ ದುಡ್ಡು ಪೂರ್ತಿ ಖರ್ಚು ಮಾಡದ ಕಂಪನಿಯ ಬೋರ್ಡೂ ಅಷ್ಟೇ, ಯಾಕೆ ಮಾಡಿಲ್ಲ ಅಂತ ವರದಿಯಲ್ಲಿ ಹೇಳಬೇಕು. ಆ ಸಾಲುಗಳನ್ನ ನಾಳೆ ಟೈಪ್ ಮಾಡೋರು ನಾವೇ.

ಇನ್ನು ಕಾಮೆಂಟಿಗೆ ಓಡಿ ಬರೋ ಪಂಡಿತರು. ‘ದ ರೀಸನ್ ವೈ’ ಕೂಡ ತಪ್ಪು ಅಂತಾರೆ. ಇಲ್ಲ. ಅದು ಶತಮಾನಗಳಿಂದ ಬಳಕೆಯಲ್ಲಿದೆ, ‘ದ ರೀಸನ್ ವೈ ಸೇಲ್ಸ್ ಫೆಲ್ ಈಸ್ ದಟ್…’ ಅಂತ ಧೈರ್ಯವಾಗಿ ಬರೀರಿ. ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ‘ರೀಸನ್ ಈಸ್ ಬಿಕಾಸ್’ನೂ ಒಪ್ಪುತ್ತಾರೆ, ಗೊತ್ತು. ಆದ್ರೆ 1926ರಲ್ಲಿ ಫೌಲರ್ ತನ್ನ ಪುಸ್ತಕದಲ್ಲಿ ಅದನ್ನ ಬೈದಿದ್ದು ಪೇಪರ್ ತಿದ್ದೋರ ಕೆಂಪು ಪೆನ್ನಲ್ಲಿ ಇನ್ನೂ ಉಳ್ಕೊಂಡಿದೆ.

ಹಾಂ, ‘ರೀಸನ್ ಆಫ್ ಮೈ ಆಬ್ಸೆಂಟ್’ ಅಲ್ಲ, ‘ರೀಸನ್ ಫಾರ್ ಮೈ ಆಬ್ಸೆನ್ಸ್’. ‘ಡ್ಯೂ ಟು ದ ರೀಸನ್ ದಟ್’ ಬಗ್ಗೆ ಭಾಗ 5ರಲ್ಲಿ ಜಗಳ ಆಡೋಣ.