ಮನೆವಾರ್ತೆ: ಮುಖ ಮುಚ್ಚಿಕೊಂಡ ಹವಳಗಳು

ಕಳೆದ ಸಂಚಿಕೆಯಲ್ಲಿ ಬಾಲ್ಕನಿಯ ಕರಿಬೇವಿನ ವಿಚಾರ ಬರೆದದ್ದನ್ನು ಓದಿ, "ಅದೆಲ್ಲ ಸರಿ, ನಿಮ್ಮ ಹವಳದ ತೊಟ್ಟಿ ಏನಾಯಿತು?" ಎಂದು ಹಲವು ಓದುಗ ಬಂಧುಗಳು ಕೇಳಿದ್ದಾರೆ. ಸುಮ್ಮನಿದ್ದುಬಿಡೋಣವೆಂದಿದ್ದೆವು; ಆ ಕಥೆಯಲ್ಲಿ ನಮ್ಮ ಪೆದ್ದುತನದ ಪಾಲೇ ಹೆಚ್ಚು. ಕೇಳಿದ ಮೇಲೆ ಹೇಳಲೇಬೇಕಲ್ಲ!

ಮೇ ತಿಂಗಳಲ್ಲಿ ಅಣ್ಣನ ಮಗಳ ಮದುವೆಗೆಂದು ಧಾರವಾಡಕ್ಕೆ ಹೋಗಿ ಎಂಟು ದಿನ ನಿಂತೆವು. ಚೆಂಬೂರಿನ ಮನೆಯ ಕೀಲಿಕೈ ಪಕ್ಕದ ಮನೆಯವರ ಬಳಿ ಇತ್ತು. ನೂರು ಲೀಟರಿನ ತೊಟ್ಟಿ. ಬೇಸಿಗೆಯಲ್ಲಿ ಮೇಲೊಂದು ಫ್ಯಾನ್ ತಿರುಗುವುದರಿಂದ ದಿನಕ್ಕೆ ಎರಡು ಲೀಟರ್ ನೀರು ಆವಿಯಾಗುತ್ತದೆ. "ಕ್ಯಾನಿನಿಂದ ಅಷ್ಟು ಸುರಿದುಬಿಡಿ" ಎಂದು ಹೇಳಿ ರೈಲು ಹತ್ತಿದೆವು. ಕ್ಯಾನುಗಳು ಎರಡಿದ್ದವು, ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ನೀರು ಬದಲಿಸಲು ಕಲಸಿಟ್ಟ ಉಪ್ಪುನೀರು ಎಂಬುದನ್ನು ಹೇಳಲು ಮರೆತೆವು. ಸಮುದ್ರದ ಜೀವಕ್ಕೆ ಸಮುದ್ರದ ನೀರೇ ಬೇಕೆಂದು ಆ ಪುಣ್ಯಾತ್ಮರು ನಿಷ್ಠೆಯಿಂದ ಉಪ್ಪುನೀರನ್ನೇ ಸುರಿದಿದ್ದರು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಲೀಟರಿಗೆ ೩೫ ಗ್ರಾಂ ಲೆಕ್ಕ ಹಿಡಿದರೆ, ಎಂಟು ದಿನದಲ್ಲಿ ಅರ್ಧ ಕಿಲೋಗಿಂತ ಹೆಚ್ಚು ಉಪ್ಪು ತೊಟ್ಟಿಗೆ ಸೇರಿತ್ತು!

ಇದೆಲ್ಲ ಆಮೇಲೆ ತಿಳಿದದ್ದು. ಬಂದು ನೋಡಿದಾಗ ಅಣಬೆಯಾಕಾರದ ತೊಗಲು ಹವಳ ಮುದುಡಿ ನಿಂತಿತ್ತು. ಮೊದಲು ನಾವು ಹೆದರಲಿಲ್ಲ. ಅದು ಆಗಾಗ ಮೈಮೇಲೆ ಮೇಣದಂಥ ಪೊರೆ ತಂದುಕೊಂಡು, ಕೆಲವು ದಿನ ಮುಖ ಮುಚ್ಚಿ, ಪೊರೆ ಕಳಚಿದ ಮೇಲೆ ಮತ್ತೆ ಅರಳುತ್ತದೆ, ಹಾವಿನಂತೆಯೇ. ಆದರೆ ಗುಂಡಿಯಂಥ ಜೋಯಾಂಥಿಡ್‌ಗಳೂ ಮುಚ್ಚಿದ್ದವು, ಅಣಬೆ ಹವಳಗಳು ಸುಕ್ಕುಗಟ್ಟಿ ಬಿಳಿಚಿಕೊಂಡಿದ್ದವು. ಒಂದಕ್ಕೆ ಕಾಯಿಲೆಯಾದರೆ ಅದನ್ನು ನೋಡಬೇಕು. ಎಲ್ಲಕ್ಕೂ ಒಮ್ಮೆಗೇ ಆದರೆ ನೀರನ್ನು ನೋಡಬೇಕು. ರಿಫ್ರ್ಯಾಕ್ಟೋಮೀಟರ್ ಹಿಡಿದರೆ ೧.೦೨೫ ಇರಬೇಕಾದದ್ದು ೧.೦೩೦! ಶಾಖವೂ ೩೦ ಡಿಗ್ರಿ. ೨೫-೨೬ ಇದ್ದರೆ ಹಿತ.

ಮನೆಯವರು ಮೀನಿನ ಔಷಧದ ಸೀಸೆ ತಂದರು. ಕೈ ಹಿಡಿದು ನಿಲ್ಲಿಸಿದೆವು, ಅದರಲ್ಲಿ ತಾಮ್ರವಿರುತ್ತದೆ, ಹವಳಕ್ಕೆ ಅದು ವಿಷ. ಮಗ ನೀರನ್ನೆಲ್ಲ ಚೆಲ್ಲಿ ಹೊಸದು ತುಂಬೋಣವೆಂದ. ಅದೂ ಕೂಡದು. ಉಪ್ಪು ಒಮ್ಮೆಗೇ ಇಳಿದರೆ ಜೀವಕೋಶಗಳೊಳಗೆ ನೀರು ನುಗ್ಗಿ, ಬದುಕಿದ್ದದ್ದೂ ಸಾಯುತ್ತದೆ. ದಿನಕ್ಕೆ ಮೂರು ಲೀಟರ್ ತೆಗೆದು ಅಷ್ಟೇ ಶುದ್ಧ ಸಿಹಿನೀರು ಹಾಕುತ್ತ ಬಂದೆವು. ಐದನೆಯ ದಿನಕ್ಕೆ ಅಳತೆ ಸರಿಯಾದ ಗೆರೆಗೆ ಬಂತು. ಕ್ಲೋರಿನ್ ಇರುವ ನಲ್ಲಿನೀರನ್ನು ಮಾತ್ರ ಮುಟ್ಟಲಿಲ್ಲ.

ಬಿಳಿಚಿಕೊಂಡದ್ದು ಸತ್ತದ್ದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ಬಾಡಿಗೆಗಿರುತ್ತವೆ. ಬೆಳಕಿನಲ್ಲಿ ಅಡಿಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತವೆ. ಶಾಖ ಹೆಚ್ಚಾದರೆ ಬಾಡಿಗೆದಾರರು ಹೊರಬೀಳುತ್ತಾರೆ, ಬಣ್ಣ ಹೋಗುತ್ತದೆ. ಲಕ್ಷದ್ವೀಪದಲ್ಲಿ ೧೯೯೮, ೨೦೧೦, ೨೦೧೬ರಲ್ಲಿ ಆದದ್ದು ಇದೇ. ಮೈ ಉಳಿದಿದ್ದರೆ ಆಸೆಯಿದೆ. ದೀಪವನ್ನು ಅರ್ಧ ಹೊತ್ತಿಗೆ ಇಳಿಸಿ, ಕೋಣೆಯ ಏ.ಸಿ. ಹಾಕಿ ಕಾದೆವು. (ವಿದ್ಯುತ್ ಬಿಲ್ಲಿನ ವಿಚಾರ ಮನೆಯವರು ಬೇರೆಯಾಗಿಯೇ ಬರೆಯಬಹುದು.)

ಕೊಳೆತದ್ದು ಬೇರೆ. ತೊಗಲು ಹವಳದ ಒಂದು ಅಂಚು ಕಪ್ಪಾಗಿ, ಮೆತ್ತಗಾಗಿ, ಕೆಟ್ಟ ವಾಸನೆ ಹೊಡೆಯುತ್ತಿತ್ತು. ಹೊಸ ಬ್ಲೇಡಿನಿಂದ ಕೊಳೆತ ಭಾಗವನ್ನೂ, ಅದಕ್ಕಂಟಿದ ಒಂದಂಗುಲ ಒಳ್ಳೆಯ ಭಾಗವನ್ನೂ ಕತ್ತರಿಸಿ, ತೊಟ್ಟಿಯದೇ ನೀರಿನ ಬಕೆಟ್ಟಿನಲ್ಲಿ ಜಾಲಿಸಿ, ನೀರು ಚೆನ್ನಾಗಿ ಓಡಾಡುವ ಕಡೆ ಇಟ್ಟೆವು. ಗಾಯವಾದ ತೊಗಲು ಹವಳ ಒಂದು ಬಗೆಯ ವಿಷ ಬಿಡುತ್ತದೆ. ನೆರೆಯವರಿಗೆ ತಗಲದಂತೆ ಇದ್ದಿಲಿನ ಚೀಲವನ್ನೂ ಇಳಿಬಿಟ್ಟೆವು.

ಮಕ್ಕಳಿರುವ ಮನೆಯವರು ಒಂದು ಮಾತು ನೆನಪಿಡಬೇಕು. ಕೆಲವು ಜೋಯಾಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು. ಅವು ಅಂಟಿದ ಕಲ್ಲಿಗೆ ಕುದಿನೀರು ಎರೆದು, ಆ ಹಬೆ ಕುಡಿದು ಇಡೀ ಸಂಸಾರ ಆಸ್ಪತ್ರೆ ಸೇರಿದ ಉದಾಹರಣೆಗಳುಂಟು.

ಕಲ್ಲು ಹವಳವೇಕೆ ಸಾಕಲಿಲ್ಲವೆಂದು ಪುಣೆಯ ಸೋದರಿಯೊಬ್ಬರು ಕೇಳಿದ್ದಾರೆ. ೨೦೦೧ರಿಂದ ಅವು ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ, ತಾಯೀ. ಮುರ್ಡೇಶ್ವರದೆದುರಿನ ನೇತ್ರಾಣಿಗೆ ಹೋಗಿ ಕಣ್ತುಂಬ ನೋಡಬಹುದು, ಒಂದು ಚೂರನ್ನೂ ತರುವಂತಿಲ್ಲ.

ಹದಿನಾಲ್ಕು ಜೋಯಾಂಥಿಡ್‌ಗಳಲ್ಲಿ ಮೂರು ಹೋದವು. ಅಣಬೆಗಳಿಗೆ ಬಣ್ಣ ಬರಲು ಎರಡು ತಿಂಗಳು ಹಿಡಿಯಿತು. ತೊಗಲು ಹವಳ ಇಪ್ಪತ್ತಮೂರನೆಯ ಬೆಳಿಗ್ಗೆ, ನಾವು ಕಾಫಿ ಕುಡಿಯುತ್ತಿದ್ದಾಗ, ಒಂದು ಬದಿಯಿಂದ ಅರಳತೊಡಗಿತು. ಪಕ್ಕದ ಮನೆಯವರನ್ನು ಕೂಗಿ ಕರೆದು ತೋರಿಸಿದೆವು. ಈಗ ಎರಡು ಕ್ಯಾನುಗಳ ಮೇಲೂ ಮನೆಯವರು ಕನ್ನಡದಲ್ಲೂ ಮರಾಠಿಯಲ್ಲೂ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾರೆ.