ಪಾಸ್‌ವರ್ಡ್ ಸರಿ ಇದ್ದರೂ ಮೇಲ್ ಬಾರದಿದ್ದರೆ

ಥಂಡರ್‌ಬರ್ಡ್‌ನಲ್ಲಿ ಜಿಮೇಲ್ ಬರದಿದ್ದರೆ ನಾವು ಮೊದಲು ಬೈಯುವುದು ನೆಟ್‌ವರ್ಕನ್ನು. ಅದೇ ಮೇಲ್ ಬ್ರೌಸರ್‌ನಲ್ಲಿ ತೆರೆದರೆ ನೆಟ್ ಸರಿ ಇದೆ ಎಂದೇ ಲೆಕ್ಕ. ಬರೀ ಪಾಸ್‌ವರ್ಡ್ ಕೊಟ್ಟು ಒಳಹೋಗುವ ದಾರಿಯನ್ನು ಗೂಗಲ್ ಮುಚ್ಚತೊಡಗಿದ್ದು 2022ರ ಮೇ 30ರಿಂದ. ಸೆಟ್ಟಿಂಗ್‌ನಲ್ಲಿ ಐಮ್ಯಾಪ್ ಪೋರ್ಟ್ 993 ಇದೆಯೇ ನೋಡಿ, ಅಥೆಂಟಿಕೇಶನ್ ಎಂಬಲ್ಲಿ ‘ಓಆಥ್2’ ಆರಿಸಿ. ಮೇಲ್ ಕಳಿಸುವ ಸರ್ವರ್‌ಗೂ ಹಾಗೇ ಮಾಡಬೇಕು, ಅದನ್ನು ಮರೆಯುವವರೇ ಹೆಚ್ಚು.

ನಮ್ಮ ತಕರಾರು ಬೇರೆ. ಬೀಗ ಬದಲಿಸಿ, ಕೀ ಹಿಡಿದವನಿಗೇ ‘ಪಾಸ್‌ವರ್ಡ್ ತಪ್ಪು’ ಎಂದು ಇಂಗ್ಲಿಷಿನಲ್ಲಿ ಗದರಿದರೆ ಹೇಗೆ? ನಿಜ ಕಾರಣವನ್ನು ಕನ್ನಡದಲ್ಲಿ ಒಂದು ಸಾಲು ಹೇಳಬೇಕಿತ್ತು. ಹೇಳದ್ದಕ್ಕೇ ಊರಿನವರು ಅಂಗಡಿಗೆ ಹೋಗಿ ಫಾರ್ಮ್ಯಾಟ್ ಮಾಡಿಸುತ್ತಾರೆ. ಪಾಪ್‌ನಲ್ಲಿ ಇಳಿಸಿಟ್ಟ ಹಳೇ ಮೇಲ್, ವಿಮೆ ಪತ್ರ, ಮಕ್ಕಳ ಅರ್ಜಿ ಎಲ್ಲ ಅಳಿಸಿಹೋಗುತ್ತದೆ. ಫಾರ್ಮ್ಯಾಟ್ ಮಾಡಿಸಲೇಬೇಕಾದರೆ ಥಂಡರ್‌ಬರ್ಡ್‌ನ ಪ್ರೊಫೈಲ್ ಫೋಲ್ಡರನ್ನು ಮೊದಲು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ.